ಅತ್ತೆಯ ಕೋವಿಗೆ ಎರಡು ತೋಟಾ

"ತೋಟಾ ತಾನೆ ಅತ್ತೆ? ವಾರದೊಳಗೆ ತಂದು ನಿಮ್ಮ ಮುಂದಿಡ್ತೀನಿ. ಇದೂ ಒಂದು ಕೆಲಸವೇ?" ಎಂದು ನಾನು ಊಟದ ಮೇಜಿನಲ್ಲಿ ಘೋಷಿಸಿದಾಗ ನನ್ನ ಹೆಂಡತಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಮದುವೆಯಾದಾಗಿನಿಂದ ಅವಳು ನನ್ನ ಇಂಥ ಘೋಷಣೆಗಳನ್ನು ಬೇಕಾದಷ್ಟು ಕೇಳಿದ್ದಾಳೆ. ಸ್ನಾನದ ಮನೆಯ ನಲ್ಲಿಯನ್ನು ನಾನೇ ರಿಪೇರಿ ಮಾಡುತ್ತೇನೆಂದು ಘೋಷಿಸಿದ ದಿನದಿಂದ ಅದರ ಕೆಳಗೆ ಒಂದು ಬಕೆಟ್ಟು ಕಾಯಂ ಆಗಿ ಕೂತಿದೆ.

ವಿಷಯ ಇಷ್ಟು. ಹೆಂಡತಿಯ ತಾಯಿ, ಅಂದರೆ ನನ್ನ ಅತ್ತೆ, ನಮ್ಮ ಜೊತೆಯಲ್ಲೇ ಇದ್ದಾರೆ. ಅವರ ಜೊತೆ ಮಾವನವರ ಕೋವಿಯೂ ಇದೆ. ಮಾವ ಬಹಳ ಹಿಂದೆ ಕಾಡಿನ ಅಂಚಿನ ಒಂದು ಮರದ ಡಿಪೋದಲ್ಲಿ ಮೇಲ್ವಿಚಾರಕರಾಗಿದ್ದವರು. ಸುತ್ತಮುತ್ತ ದೊಡ್ಡ ಪ್ರಾಣಿ ನುಗ್ಗಿ ಯಾರನ್ನಾದರೂ ತುಳಿದರೆ ಜನ ಓಡಿಬರುತ್ತಿದ್ದದ್ದು ಅವರ ಬಳಿಗೇ. ಓಡಿಬರುವ ಆನೆಯನ್ನೂ ನಿಲ್ಲಿಸಲೆಂದು ಮಾಡಿದ ಜೋಡುನಳಿಗೆಯ ರೈಫಲ್ಲು ಅದು. ಸುಮ್ಮನೆ ಎತ್ತಿದರೂ ಹೆಗಲು ಇಳಿದುಹೋಗುತ್ತದೆ. ಮಾವ ಹೋದ ಮೇಲೆ ಲೈಸೆನ್ಸು ಅತ್ತೆಯ ಹೆಸರಿಗಾಯಿತು, ಕೋವಿ ಬೀರುವಿನಲ್ಲಿ ಕಂಬಳಿಗಳ ಹಿಂದೆ ಬೀಗದೊಳಗೆ ಮಲಗಿತು. ಈ ತಿಂಗಳ ಕೊನೆಗೆ ಅದನ್ನು ವಸ್ತುಸಂಗ್ರಹಾಲಯಕ್ಕೆ ಕೊಟ್ಟುಬಿಡುವುದೆಂದು ಅತ್ತೆಯೇ ತೀರ್ಮಾನಿಸಿದ್ದರು. ಅಲ್ಲಿ ನಳಿಗೆಗೆ ಸೀಸ ತುಂಬಿ ಶಾಶ್ವತವಾಗಿ ಮುಚ್ಚಿಬಿಡುತ್ತಾರಂತೆ.

"ಕೊಡೋದು ಕೊಡೋಣ," ಎಂದಿದ್ದರು ಅತ್ತೆ. "ಅವರು ಮುಚ್ಚಿಬಿಡೋ ಮುಂಚೆ ಒಂದೇ ಒಂದು ಸಲ ಅದರ ಸದ್ದು ಕೇಳ್ಬೇಕು ಅಂತ ಆಸೆ. ಕಿವಿನೂ ಮಂದ ಆಗ್ತಾ ಬಂತು."

ಅತ್ತೆ ಏನನ್ನೂ ಬೇಕೆಂದು ಕೇಳುವವರಲ್ಲ. ಕನ್ನಡಕದ ಕಾಲು ಮುರಿದರೆ ದಾರ ಕಟ್ಟಿಕೊಳ್ಳುತ್ತಾರೆಯೇ ಹೊರತು ಹೇಳುವುದಿಲ್ಲ. ಅಂಥವರು ಬಾಯಿಬಿಟ್ಟು ಕೇಳಿದಾಗ ಇಲ್ಲವೆನ್ನಲು ನನಗೆ ಮನಸ್ಸು ಬರಲಿಲ್ಲ. ಇನ್ನೊಂದು ಕಾರಣವನ್ನೂ ಮುಚ್ಚಿಡುವುದಿಲ್ಲ. ನಮ್ಮ ನಡುಮನೆಯಲ್ಲಿ ಮಾವನವರ ಫೋಟೋ ಇದೆ. ಮೀಸೆ ಚೌಕಟ್ಟಿನ ಈ ತುದಿಯಿಂದ ಆ ತುದಿಯವರೆಗೆ, ಕೈಯಲ್ಲಿ ಅದೇ ಕೋವಿ. ನಾನೋ ಲಿಫ್ಟ್ ಕಂಪನಿಯ ದೂರು ವಿಭಾಗದಲ್ಲಿ ಕೂತು, ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ಸಿಕ್ಕಿಬಿದ್ದವರಿಗೆ "ಇನ್ನೇನು ಬಂದೇಬಿಟ್ರು" ಎಂದು ಫೋನಿನಲ್ಲಿ ಧೈರ್ಯ ಹೇಳುವವನು. ಮನೆಯಲ್ಲಿ ಜಿರಲೆ ಕಂಡರೂ ಹೆಂಡತಿ "ಅಪ್ಪ ಇದ್ದಿದ್ರೆ..." ಎಂದು ಶುರುಮಾಡುತ್ತಾಳೆ. ಆ ಮೀಸೆಯ ಮುಂದೆ ಒಂದು ಸಲ ನಾನೂ ಗಂಡಸಾಗಬೇಕಿತ್ತು.

ಲೈಸೆನ್ಸು ಅತ್ತೆಯದಾದ್ದರಿಂದ ಅಂಗಡಿಗೆ ಅವರೇ ಬರಬೇಕು. ಮೊದಲ ಅಂಗಡಿಯವನು "ಹೇಳಿ ಸಾರ್" ಎಂದು ನನ್ನ ಕಡೆ ತಿರುಗಿದ.

"ಬೇಕಾಗಿರೋದು ನನಗೆ," ಎಂದರು ಅತ್ತೆ, ಊರುಗೋಲನ್ನು ಗಾಜಿನ ಕಪಾಟಿಗೆ ಒರಗಿಸಿ.

"ಏನು ಬೇಕಮ್ಮ?"

"ಆನೆ ತೋಟಾ."

ಆತ ಓಡಿಹೋಗಿ ಕುರ್ಚಿ ತಂದ. "ಯಾಕಮ್ಮ, ಮನೇಲಿ ಯಾರಾದ್ರೂ ತೊಂದರೆ ಕೊಡ್ತಿದಾರಾ?" ಎಂದು ಮೆಲ್ಲಗೆ ಕೇಳುತ್ತಾ ನನ್ನನ್ನೇ ನೋಡಿದ. ಲೈಸೆನ್ಸು ತೋರಿಸಿ, ವಿಷಯ ಬಿಡಿಸಿ ಹೇಳಿ, ನಾನು ಯೋಗ್ಯ ಅಳಿಯನೆಂದು ಅವನಿಗೆ ನಂಬಿಕೆ ಬರುವಷ್ಟರಲ್ಲಿ ಅರ್ಧ ದಿನ ಹೋಯಿತು. ಕೊನೆಗೆ ಆತ ಹೇಳಿದ್ದು, ಈ ಅಳತೆಯ ತೋಟಾ ಮಾಡುವುದನ್ನೇ ಅವನಪ್ಪನ ಕಾಲದಲ್ಲಿ ನಿಲ್ಲಿಸಿದ್ದಾರೆ ಎಂದು. ಎರಡನೆಯ ಅಂಗಡಿಯವನು ನಕ್ಕ. ಮೂರನೆಯವನು ಮಾತ್ರ ಒಂದು ದಾರಿ ತೋರಿಸಿದ. ಹಳೆಯ ತೋಟಾ ಸಂಗ್ರಹಿಸುವ ಹುಚ್ಚಿನ ಒಬ್ಬ ಹಲ್ಲಿನ ಡಾಕ್ಟರಿದ್ದಾರೆ, ಲೈಸೆನ್ಸು ಗೀಸೆನ್ಸು ಎಲ್ಲ ಇಟ್ಟುಕೊಂಡಿದ್ದಾರೆ, ಕೇಳಿ ನೋಡಿ ಎಂದ.

ಹಲ್ಲಿನ ಡಾಕ್ಟರು ಶಿಸ್ತಿನ ಮನುಷ್ಯ. ಕ್ಲಿನಿಕ್ಕಿನ ವೇಳೆಯಲ್ಲಿ ರೋಗಿಗಳ ಜೊತೆ ಮಾತ್ರ ಮಾತು. ಸರಿ, ಜೊತೆಗೆ ಬಂದಿದ್ದ ಅತ್ತೆಯನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿ ನಾನು ರೋಗಿಯಾದೆ. ಒರಗು ಕುರ್ಚಿಯಲ್ಲಿ ಮಲಗಿ ಬಾಯಿ ತೆರೆದರೆ ಎದುರಿನ ಗಾಜಿನ ಪೆಟ್ಟಿಗೆಯಲ್ಲಿ ನಮ್ಮ ಅಳತೆಯ ತೋಟಾ ಎರಡು, ಹೆಬ್ಬೆರಳ ಗಾತ್ರ, ಪಳಪಳ ಹೊಳೆಯುತ್ತಿವೆ. "ಆ... ಓಆ... ಎಅಉ," ಎಂದೆ.

"ತೋಟಾನಾ? ಅದು ಯಾರಿಗೂ ಕೊಡೋದಲ್ಲ. ಬಾಯಿ ದೊಡ್ಡದಾಗಿ ತೆಗೀರಿ. ಈ ಬುದ್ಧಿಹಲ್ಲು ಓರೆಯಾಗಿ ಬಂದಿದೆಯಲ್ಲ, ಇದನ್ನ ಇಟ್ಕೊಂಡು ಹೇಗ್ರೀ ಬದುಕಿದೀರಿ?"

ಓರೆಯಾಗಿದ್ದರೂ ಅದು ತನ್ನ ಪಾಡಿಗೆ ಚೆನ್ನಾಗಿತ್ತು. ಅದನ್ನು ಹೇಳಲು ನಾಲಿಗೆ ನನ್ನ ಸ್ವಾಧೀನದಲ್ಲಿರಲಿಲ್ಲ. ಹಲ್ಲು ಅವರ ಇಕ್ಕಳದಲ್ಲಿ ಕಿತ್ತುಬಂದ ಹೊತ್ತಿಗೆ ಮೂಲೆಯ ಕುರ್ಚಿಯಿಂದ ಅತ್ತೆ ಹೇಳಿದರು. "ಡಾಕ್ಟ್ರೇ, ನಮ್ಮೆಜಮಾನರ ಕೋವಿ. ಒಂದು ಸಲ ಅದರ ಸದ್ದು ಕೇಳಿ ಕೊಟ್ಟುಬಿಡೋಣ ಅಂತ."

ಡಾಕ್ಟರು ಇಕ್ಕಳ ಕೆಳಗಿಟ್ಟು, "ತಗೊಳ್ಳಿ ಅಮ್ಮ," ಎಂದುಬಿಟ್ಟರು. ಅತ್ತೆ ಇದನ್ನೇ ಮೊದಲು ಹೇಳಿದ್ದರೆ ನನ್ನ ಹಲ್ಲು ಉಳಿಯುತ್ತಿತ್ತು. "ಹಳೇ ಮದ್ದು, ಹೊತ್ತುತ್ತೋ ಇಲ್ವೋ ಹೇಳಕ್ಕಾಗಲ್ಲ. ರೈಫಲ್ ಕ್ಲಬ್ಬಿನವರ ಕೈಗೆ ಕೊಡ್ತೀನಿ, ಅಲ್ಲೇ ಹೋಗಿ ಹೊಡೀರಿ," ಎಂದು ಎಚ್ಚರಿಸಿದರು. ಕೆನ್ನೆ ಊದಿಸಿಕೊಂಡು ವಿಜಯೋತ್ಸಾಹದಿಂದ ಮನೆಗೆ ಬಂದೆ.

ಕ್ಲಬ್ಬಿನಲ್ಲಿ ಕೋವಿ ತುಂಬಲು ತಡಕಾಡಿದರೆ ಮರ್ಯಾದೆ ಏನಾದೀತು? ಅಭ್ಯಾಸ ಬೇಕು. ಅತ್ತೆಯಿಂದ ಬೀಗದಕೈ ಪಡೆದು ಕೋವಿಯನ್ನು ಮಂಚದ ಮೇಲೆ ತಂದಿಟ್ಟೆ. ಮೇಲಿನ ಕೀಲು ಒತ್ತಿದರೆ ಅದು ನಡು ಬಗ್ಗಿಸಿ, ನಳಿಗೆಗಳ ಹಿಂಬದಿಯ ಎರಡು ಕಣ್ಣು ಬಿಡುತ್ತದೆ. ಆ ಕಣ್ಣಿಗೆ ತೋಟಾ ಇಟ್ಟು ಮುಚ್ಚಬೇಕು. ತೋಟಾ ಕ್ಲಬ್ಬಿನಲ್ಲಿದೆ. ಅದೇ ಗಾತ್ರದ್ದು ಮನೆಯಲ್ಲಿ ಏನಿದೆ ಎಂದು ಹುಡುಕಿದಾಗ ಕನ್ನಡಿಯ ಮುಂದೆ ಹೆಂಡತಿಯ ಎರಡು ಲಿಪ್‌ಸ್ಟಿಕ್ ಕಂಡವು. ಲಕ್ಷಣವಾಗಿ ಒಳಗೆ ಹೋದವು. ಎಡಗಡೆಯದು ಅಷ್ಟೇ ಲಕ್ಷಣವಾಗಿ ಹೊರಗೂ ಬಂತು. ಬಲಗಡೆಯದು ಮುಚ್ಚಳ ಕಳಚಿಕೊಂಡು ಒಳಕ್ಕೆ ಜಾರಿ, ನಳಿಗೆಯ ನಟ್ಟನಡುವೆ ಕೂತುಬಿಟ್ಟಿತು.

"ರೀ, ನನ್ನ ಲಿಪ್‌ಸ್ಟಿಕ್ ನೋಡಿದ್ರಾ?" ಅವಳು ಎಲ್ಲಿಗೋ ಹೊರಟಿದ್ದಳು.

"ಯಾವುದು?"

"ಹೊಸದು. ಗಾಢ ಕೆಂಪು."

"ಬಲಗಡೆದಾ, ಎಡಗಡೆದಾ?"

ಅವಳು ಕೋಣೆಗೆ ಬಂದು ಕೋವಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು. "ಆನೆ ಹೊಡೆಯೋ ಕೋವಿಗೆ ತುಟಿಬಣ್ಣ ಬೇರೆ ಬಳೀತಿದೀರಾ?"

"ಪರದೆ ಕೋಲಿನಿಂದ ತಳ್ಳಿ, ಬರುತ್ತೆ," ಎಂದು ಅತ್ತೆ ಪಕ್ಕದ ಕೋಣೆಯಿಂದಲೇ ಸಲಹೆ ಕೊಟ್ಟರು. ಕೋಲು ತೆಗೆಯಲು ಹೋದಾಗ ಪರದೆಯೂ, ಅದನ್ನು ಹಿಡಿದಿದ್ದ ಕೊಂಡಿಗಳೂ, ಅಂಗೈಯಗಲ ಗಾರೆಯೂ ಜೊತೆಗೆ ಬಂದವು. ಲಿಪ್‌ಸ್ಟಿಕ್ಕೂ ಬಂತು, ಆದರೆ ಕಂತುಗಳಲ್ಲಿ. ಹೆಂಡತಿ ಅಂದು ಎಲ್ಲಿಗೂ ಹೋಗಲಿಲ್ಲ.

ರೈಫಲ್ ಕ್ಲಬ್ಬು ಊರ ಹೊರಗೆ; ಹೆಂಡತಿಯೂ ಜೊತೆಗೆ ಬಂದಳು. ಉದ್ದನೆಯ ಬಯಲು, ಕೊನೆಯಲ್ಲಿ ಎತ್ತರದ ಮಣ್ಣಿನ ದಿಬ್ಬ. ಅಲ್ಲಿನ ಕಾರ್ಯದರ್ಶಿ ಕೋವಿಯನ್ನು ಬೆಳಕಿಗೆ ಹಿಡಿದು ನಳಿಗೆಯೊಳಗೆ ಇಣುಕಿದರು.

"ಇದೇನ್ರಿ, ಒಳಗೆಲ್ಲ ಕೆಂಪಗಿದೆ? ತುಕ್ಕಾ?"

"ಅಲ್ಲ ಸಾರ್, ಲಿಪ್‌ಸ್ಟಿಕ್."

ಕಾರ್ಯದರ್ಶಿ ಕೋವಿಯನ್ನು ಮಡಿಲಿಗೆ ಎಳೆದುಕೊಂಡರು. ತಾವೇ ಕೂತು ನಳಿಗೆ ಫಳಫಳ ಆಗುವವರೆಗೆ ಉಜ್ಜಿದರು. ಆಮೇಲೆ ಡಾಕ್ಟರು ಕೊಟ್ಟಿದ್ದ ಎರಡು ತೋಟಾ ನನ್ನ ಕೈಗಿಟ್ಟು, "ಒಂದೊಂದೇ ತುಂಬಿ. ಟ್ರಿಗರ್ ಎರಡಿದೆ. ಕೋವಿ ಒದೆಯೋ ರಭಸಕ್ಕೆ ಬೆರಳು ಜಾರಿ ಎರಡನೇದರ ಮೇಲೆ ಬೀಳುತ್ತೆ," ಎಂದು ಮಗುವಿಗೆ ಹೇಳಿದಂತೆ ಹೇಳಿದರು.

ಅತ್ತೆಗೆ ನಾನು ಎಲ್ಲರಿಗಿಂತ ಮುಂದಿನ ಸ್ಥಾನ ಕೊಟ್ಟೆ. ಮಡಚುವ ಕುರ್ಚಿಯೊಂದನ್ನು ತಂದು, ಕಾರ್ಯದರ್ಶಿ ಬಿಟ್ಟಷ್ಟು ಹತ್ತಿರಕ್ಕೆ ಹಾಕಿ, ಕಿವಿಗೆ ಹತ್ತಿ ಇಡಿಸಿ ಕೂರಿಸಿದೆ. ಇಷ್ಟೆಲ್ಲ ಒದ್ದಾಡಿದ್ದು ಅವರ ಕಿವಿಗಾಗಿ ತಾನೆ. ಅವರು ಏನೋ ಹೇಳಲು ಬಾಯಿ ತೆರೆದರು. "ಆಮೇಲೆ ಹೇಳಿ ಅತ್ತೆ," ಎಂದು ನಾನು ಕೋವಿಯ ಬಳಿ ನಡೆದೆ.

ಒಂದು ತೋಟಾ ಇಟ್ಟೆ. ಆಗ ತಲೆ ಓಡಿತು. ಹಳೇ ಮದ್ದು. ಇದು ಠುಸ್ಸೆಂದರೆ? ಅತ್ತೆ ಕಾಯುತ್ತಾ ಕೂರಬೇಕು, ಹೆಂಡತಿ "ಅಪ್ಪ ಇದ್ದಿದ್ರೆ" ಎನ್ನಬೇಕು. ಕಾರ್ಯದರ್ಶಿ ಗುಂಡು ಹಾರುತ್ತದೆಂದು ಎಚ್ಚರಿಸುವ ಕೆಂಪು ಬಾವುಟ ಏರಿಸಲು ಅತ್ತ ತಿರುಗಿದ ಹೊತ್ತಿನಲ್ಲಿ ಎರಡನೆಯದನ್ನೂ ಇಟ್ಟು ಮುಚ್ಚಿಬಿಟ್ಟೆ. ಕಾಲು ಅಗಲಿಸಿ, ಎದೆಯುಬ್ಬಿಸಿ, ಫೋಟೋದ ಮಾವನಂತೆಯೇ ನಿಂತೆ. ಮೀಸೆಯೊಂದು ಇರಲಿಲ್ಲ.

ಮದ್ದು ಹಳೆಯದಾದರೂ ಹೊತ್ತಿತು. ಎರಡೂ ಹೊತ್ತಿದವು, ಅದೂ ಒಟ್ಟಿಗೆ. ಮುಂದೆ ನಡೆದದ್ದನ್ನು ನಾನು ನೋಡಲಿಲ್ಲ, ಏಕೆಂದರೆ ಆಕಾಶ ನೋಡುತ್ತಿದ್ದೆ. ಕೋವಿ ಒಂದು ಕಡೆ, ನನ್ನ ಒಂದು ಚಪ್ಪಲಿ ಇನ್ನೊಂದು ಕಡೆ. ಬಲಭುಜ ನನ್ನದೋ ಬೇರೆಯವರದೋ ತಿಳಿಯದು. "ಅಯ್ಯಯ್ಯಯ್ಯೋ ಅಮ್ಮಾ, ಸತ್ತೇಹೋದೆ" ಎಂದು ಯಾರೋ ಬಯಲೆಲ್ಲ ಕೇಳುವಂತೆ ಅರಚುತ್ತಿದ್ದರು. ನಾನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ರೀ, ಬದುಕಿದೀರಾ?" ಹೆಂಡತಿ ಓಡಿಬಂದು ತಲೆ ಹಿಡಿದುಕೊಂಡಳು. ಕಾರ್ಯದರ್ಶಿ ಕೋವಿ ಬಿಡಿಸಿ, ಹೊಗೆಯಾಡುವ ಎರಡು ಖಾಲಿ ತೋಟಾ ಹೊರತೆಗೆದು, ನನ್ನ ಮುಖದ ಮೇಲೆ ಹಿಡಿದು ತೋರಿಸಿದರು.

ಅತ್ತೆ ಊರುಗೋಲು ಊರುತ್ತಾ ಬಂದು ನಿಂತರು.

"ಅತ್ತೆ, ಕೇಳಿಸ್ತಾ?"

"ಕೇಳಿಸ್ತು." ಅವರು ಕಿವಿಯ ಹತ್ತಿ ತೆಗೆದರು. "ಆದ್ರೆ ಇದಲ್ಲ."

"ಅಂದ್ರೆ?"

"ಆಗ್ಲೇ ಹೇಳೋಣ ಅಂದ್ಕೊಂಡೆ, ನೀವು ಬಿಡ್ಲಿಲ್ಲ. ನಾನು ಯಾವತ್ತು ಪಕ್ಕದಲ್ಲಿ ಕೂತು ಕೇಳಿದವಳು? ನಾನು ಅಡುಗೆಮನೇಲಿ ಇರ್ತಿದ್ದೆ, ಅವರು ಹಳ್ಳದ ಆಚೆ. ಅಷ್ಟು ದೂರದಿಂದ ಮೆತ್ತಗೆ ಬರ್ತಿತ್ತು. ನನ್ನನ್ನ ಆ ರಸ್ತೆ ತಿರುವಿನ ಹತ್ರ ಬಿಟ್ಟು ಬಂದು ಇನ್ನೊಂದು ಹೊಡೀರಿ ಅನ್ನೋಣ ಅಂದ್ರೆ, ಎರಡೂ ಮುಗಿಸಿದೀರಿ."

ಭುಜದ ನೋವು ಮರೆತುಹೋಯಿತು. ಅಷ್ಟು ಅಂಗಡಿ ಸುತ್ತಿ, ಹಲ್ಲು ಕೊಟ್ಟು, ಅವರು ಕೇಳಿದ ಒಂದೇ ಒಂದು ಸದ್ದನ್ನು ನಾನೇ ಹಾಳುಮಾಡಿದ್ದೆ. ಅಳು ಬಂತು, ಅತ್ತುಬಿಟ್ಟೆ. "ತಪ್ಪಾಯ್ತು ಅತ್ತೆ. ಒಂದೇ ಒಂದು ಕೇಳಿದ್ರಿ, ಅದೂ ಆಗ್ಲಿಲ್ಲ."

"ಆಯ್ತಲ್ಲ," ಎಂದರು ಅತ್ತೆ.

"ಏನು ಆಯ್ತು?"

"ಬಿದ್ದು ಕೂಗಿದ್ರಲ್ಲ, ಅದು ಥೇಟ್ ಅವರದ್ದೇ."

ಹೆಂಡತಿ ನನ್ನ ತಲೆಯನ್ನು ನೆಲಕ್ಕೆ ಬಿಟ್ಟುಬಿಟ್ಟಳು. "ಅಪ್ಪ ಬೀಳ್ತಿದ್ರಾ?"

"ಪ್ರತಿ ಸಲ. ಆ ಫೋಟೋ ತೆಗೆಸೋವಾಗ ಮಾತ್ರ ನಿಂತಿದ್ರು." ಅತ್ತೆ ನನ್ನ ಚಪ್ಪಲಿಯನ್ನು ಊರುಗೋಲಿನಿಂದ ಹತ್ತಿರಕ್ಕೆ ಎಳೆದು ಕೊಟ್ಟರು. "ಗುಂಡಿನ ಸದ್ದು ಕೇಳಿದ್ರೆ ನನಗೇನು ಗೊತ್ತಾಗ್ಬೇಕು? ಅವರು ಆನೇನ ಹೊಡೆದ್ರೋ, ಆನೇನೇ ಅವರನ್ನ ಮುಗಿಸ್ತೋ. ಹಿಂದೆನೇ ಹಳ್ಳದ ಆಚೆಯಿಂದ 'ಅಯ್ಯಯ್ಯೋ ಸತ್ತೆ' ಅಂತ ಕೂಗು ಬರ್ತಿತ್ತು. ಸದ್ಯ, ಬದುಕಿದಾರೆ ಅಂತ ಆಗ ಉಸಿರು ಬಿಟ್ಟು ಒಲೆ ಮೇಲೆ ಸ್ನಾನಕ್ಕೆ ನೀರಿಡ್ತಿದ್ದೆ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೈ ನೀಡಿದರು.

"ಏಳಿ ಅಳಿಯಂದ್ರೇ, ಮನೆಗೆ ಹೋಗೋಣ. ನೀರಿಡ್ತೀನಿ."