ದೇವುವಿನ ಒಳ್ಳೆಮೆಣಸಿನ ಸಾರು

ಹೆಮ್ಮಾಡಿಯಲ್ಲಿ ಮೀನಿನಂಗಡಿ ಇಟ್ಟಿರುವ ದೇವು ಒಂದು ಬೆಳಿಗ್ಗೆ ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿ, ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಣೆ ಹೊರಡಿಸಿದ. ಕೆಂಪು ಮೆಣಸು ನಮ್ಮದಲ್ಲ! ಐನೂರು ವರ್ಷದ ಹಿಂದೆ ಪೋರ್ಚುಗೀಸರು ಹಡಗಿನಲ್ಲಿ ತಂದಿಳಿಸಿದ್ದು. ಅದಕ್ಕೆ ಮುಂಚೆ ಈ ಕರಾವಳಿಯವರೆಲ್ಲ ಒಳ್ಳೆಮೆಣಸು, ಅಂದರೆ ಕಾಳುಮೆಣಸು, ಅರೆದೇ ಮೀನು ಸಾರು ಉಂಡವರು. ಹೆಸರೇ ಒಳ್ಳೆಮೆಣಸು! ಹಾಗಾದರೆ ಇನ್ನೊಂದು ಎಂಥ ಮೆಣಸೆಂದು ಬಿಡಿಸಿ ಹೇಳಬೇಕೆ? ಇನ್ನು ಮುಂದೆ ಹಡಗಿನಲ್ಲಿ ಬಂದ ಯಾವ ಪದಾರ್ಥವೂ ಈ ಮನೆಯ ಒಲೆ ಹತ್ತುವಂತಿಲ್ಲ!

ಹೆಂಡತಿ ವನಜ ಗೋಡೆಯ ಕ್ಯಾಲೆಂಡರ್ ನೋಡಿದಳು. ಬರುವ ಭಾನುವಾರ ಬೈಂದೂರಿನ ಸೂರಣ್ಣ ದಂಪತಿ, ಮಗ ಸುಧೀರನ ಜೊತೆ ಊಟಕ್ಕೆ ಬರುವವರಿದ್ದರು. ಅವನಿಗೂ ಮಗಳು ನವ್ಯಶ್ರೀಗೂ ಮದುವೆಯ ದಿನ ಗೊತ್ತು ಮಾಡಬೇಕಿತ್ತು.

"ಹ್ವಾಯ್, ಬೀಗ್ರ್ ಉಂಡ್ಕಂಡ್ ಹೋದ್ಮೇಲೆ ಎಂತ ಬೇಕಾರೂ ಬಿಡಿ," ಎಂದಳು.

ಬೀಗರಿಗೂ ನಾಲ್ಕು ವಿಷಯ ತಿಳಿಯಲಿ, ಸಾರು ತಾನೇ ಮಾಡುತ್ತೇನೆ ಎಂದ ದೇವು.

ವನಜ ವಾದಕ್ಕಿಳಿಯಲಿಲ್ಲ. ಹಡಗಿನಲ್ಲಿ ಬೇರೇನು ಬಂತೆಂದು ವಿನಯದಿಂದ ಕೇಳಿದಳು. ಬಟಾಟೆ, ಟೊಮೆಟೊ, ಗೋಡಂಬಿ, ಪಪ್ಪಾಯಿ, ಅನಾನಸು ಎಂದು ದೇವು ಉತ್ಸಾಹದಿಂದ ಒಪ್ಪಿಸಿದ. ಅವಳು ಎಲ್ಲವನ್ನೂ ಒಳಕೋಣೆಗೆ ಸಾಗಿಸಿದಳು. ಆಮೇಲೆ ಗಂಡನ ಅಂಗಿ ಜೇಬಿಗೆ ಕೈಹಾಕಿ ಬೀಡಿ ಕಟ್ಟನ್ನೂ ತೆಗೆದಳು. ಹೊಗೆಸೊಪ್ಪು ತಂದವರೂ ಪೋರ್ಚುಗೀಸರೇ ಎಂದು ನವ್ಯಶ್ರೀ ಮೊಬೈಲಿನಲ್ಲಿ ಹುಡುಕಿ ಕೊಟ್ಟಿದ್ದಳು. ಬೀಡಿಯ ಎಲೆ ನಮ್ಮ ಕಾಡಿನದೇ ಎಂದು ದೇವು ಗೋಗರೆದ.

"ಹಂಗಾರೆ ಎಲಿ ಮಾತ್ರ ಸೇದಿ. ಒಳ್ಗಿದ್ದದ್ ಬ್ಯಾಡ."

ಬೀಡಿಯಿಲ್ಲದ ದೇವು ಅಂಗಡಿಯಲ್ಲಿ ಬಂಗುಡೆ ಕೇಳಿದವರಿಗೆ ಸಿಗಡಿ ಕಟ್ಟಿಕೊಟ್ಟ, ಸಿಗಡಿ ಕೇಳಿದವರಿಗೆ ಇತಿಹಾಸ ಹೇಳಿದ. ಆದರೂ ಪಟ್ಟು ಬಿಡಲಿಲ್ಲ. ಭಾನುವಾರ ಒಳ್ಳೆ ಕಾಣೆ ಮೀನು ತಂದು, ತೆಂಗಿನಕಾಯಿ, ಬೆಳ್ಳುಳ್ಳಿಯ ಜೊತೆ ಮುಷ್ಟಿ ಮುಷ್ಟಿ ಒಳ್ಳೆಮೆಣಸು ಅರೆದು ಸಾರು ಕುದಿಸಿದ. ಒಲೆಯ ಬೂದಿ ಕದಡಿದಂಥ ಬಣ್ಣ ಬಂತು.

ಬೀಗರು ಬಂದು ಬಾಳೆಲೆಯ ಮುಂದೆ ಕೂತರು. ಸುಧೀರ ಮೊದಲ ತುತ್ತಿಗೇ ಸೀನಿದ. ಸೂರಣ್ಣ ತುತ್ತನ್ನು ನುಂಗಲೂ ಆಗದೆ ಉಗಿಯಲೂ ಆಗದೆ ಮಾಡಿನ ಹೆಂಚು ನೋಡಿದರು. ಅವರ ಹೆಂಡತಿ ಮಾತ್ರ ಸಾರನ್ನು ಮೂಸಿ, ನವ್ಯಶ್ರೀಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮುಚ್ಚಿದ್ದ ಒಳಕೋಣೆಯ ಬಾಗಿಲನ್ನು ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು:

"ಕಾಣೆ, ಬೆಳ್ಳುಳ್ಳಿ, ಒಳ್ಳೆಮೆಣ್ಸ್. ಇದ್ ಬಾಳಂತಿ ಸಾರಲ್ದಾ? ಮನೆಲಿ ಹೆತ್ತದ್ ಯಾರ್?"

ಸುಧೀರನ ಎರಡನೆಯ ಸೀನು ಅರ್ಧದಲ್ಲೇ ನಿಂತಿತು. ನವ್ಯಶ್ರೀ ಕೈಯ ನೀರಿನ ಚೊಂಬನ್ನು ಅಲ್ಲೇ ನೆಲಕ್ಕಿಟ್ಟಳು. ದೇವು ಗಾಬರಿಯಿಂದ ಪೋರ್ಚುಗೀಸರ ಹಡಗು, ಗೋವಾ, ರಾಜಮಹಾರಾಜರು ಎಂದು ಶುರುಮಾಡಿದ. ಅವನು ವಿವರಿಸಿದಷ್ಟೂ ಸೂರಣ್ಣನ ಹುಬ್ಬು ಮೇಲೇರಿತು.

"ನಾವ್ ಕೇಂಡದ್ ಈಗಿನ ಸಂಗ್ತಿ. ನೀವ್ ಐನೂರ್ ವರ್ಷ ಹಿಂದ್ ಓಡ್ತಾ ಇದ್ರಿ. ಎಂತದೋ ಇತ್ತ್," ಎಂದರು.

ಅವರ ಹೆಂಡತಿ ಎದ್ದು ಹೋಗಿ ಒಳಕೋಣೆಯ ಬಾಗಿಲು ತಳ್ಳಿಯೇಬಿಟ್ಟರು. ಮಂಚದ ಮೇಲೆ ಬಿಳಿ ಬಟ್ಟೆ ಹೊದ್ದು ಏನೋ ಮಲಗಿತ್ತು. ಬಟ್ಟೆ ಸರಿಸಿದರೆ ಅನಾನಸು! ಇರುವೆ ಹತ್ತದಿರಲೆಂದು ವನಜ ಹೊದಿಸಿದ್ದಳು. ಪಕ್ಕದಲ್ಲಿ ಬಟಾಟೆ, ಟೊಮೆಟೊ, ಬೀಡಿ ಕಟ್ಟು.

ಆಗ ವನಜ ನಾಚಿಕೆ ಬಿಟ್ಟು ಗಂಡನ ವ್ರತದ ಕಥೆಯನ್ನೆಲ್ಲ ಹೇಳಿದಳು. ಸೂರಣ್ಣ ನಕ್ಕ ರಭಸಕ್ಕೆ ಮಜ್ಜಿಗೆ ಲೋಟ ಉರುಳಿತು. ವನಜ ಆಚೆಮನೆಯವರ ಒಲೆಯಲ್ಲಿ ಗುಟ್ಟಾಗಿ ಮಾಡಿಟ್ಟಿದ್ದ ಕೆಂಪು ಕೆಂಪು ಅಂಜಲ್ ಮೀನಿನ ಸಾರು ತಂದಳು. ಎಲೆಗೆ ಬಿದ್ದದ್ದೇ ಬೀಗರ ಮುಖ ಅರಳಿತು. ಉಣ್ಣುತ್ತಲೇ ಮದುವೆಯ ದಿನವೂ ಗೊತ್ತಾಯಿತು.

ಆ ಘಮಕ್ಕೆ ದೇವುವಿನ ಐನೂರು ವರ್ಷದ ಇತಿಹಾಸ ಬಾಯಲ್ಲಿ ನೀರಾಗಿ ಹರಿಯಿತು. ಯಾರೂ ನೋಡುತ್ತಿಲ್ಲವೆಂದುಕೊಂಡು ಮೆಲ್ಲಗೆ ತನ್ನ ಎಲೆಯನ್ನು ಮುಂದೆ ಸರಿಸಿದ. ವನಜ ಸೌಟೆತ್ತಿದಳು. ಸೂರಣ್ಣನ ಹೆಂಡತಿ ಅವಳ ಕೈ ಹಿಡಿದು ತಡೆದರು.

"ಅವ್ರಿಗ್ ಹಾಕ್ಬೇಡ ಮಾರಾಯ್ತಿ. ಬಾಳಂತಿಗೆ ಖಾರ ಆತಿಲ್ಲೆ."