ಗೌಸನ ಹಳದಿ ಸರ

ಎಲ್ಲಕ್ಕೂ ಮೂಲ ಗೌಸನ ಸರದ ಹೊಳಪು. ಚನ್ನಪಟ್ಟಣದ ಒಂದೇ ಓಣಿಯಲ್ಲಿ, ಗೋಡೆಗೆ ಗೋಡೆ ತಾಗಿದ ಎರಡು ಶೆಡ್ಡುಗಳಲ್ಲಿ, ಮುನಿರಾಮಯ್ಯನೂ ಗೌಸನೂ ಮಕ್ಕಳ ಕೊರಳಿಗೆ ಮರದ ಮಣಿಸರ ಮಾಡುತ್ತಿದ್ದರು. ಇಬ್ಬರದೂ ಹಳದಿಯೇ. ಮುನಿರಾಮಯ್ಯನದು ಅಪ್ಪ ಕಲಿಸಿದ ಅರಿಶಿನ ಬೆರೆಸಿದ ಅರಗು, ನೋಡಲು ಸಪ್ಪೆ. ಗೌಸನದೋ, ಹುಣಸೆಹಣ್ಣು ಹಾಕಿ ಉಜ್ಜಿದ ಹಿತ್ತಾಳೆ ಚೊಂಬಿನಂತೆ ಫಳಫಳ.

“ನೋಡು, ಅವ್ರುದು ಹೆಂಗ್ ಮಿಂಚ್ತದೆ! ನಿಂಗೂ ಎಲ್ಡು ಕೈ ಅವೆ” ಎಂದು ಹೆಂಡತಿ ಅಂಕಮ್ಮ ದಿನಕ್ಕೆರಡು ಸಲ ಅನ್ನುವಳು. ಮುನಿರಾಮಯ್ಯನ ಹೊಟ್ಟೆ ಉರಿಯುವುದಕ್ಕೆ ಅಷ್ಟು ಸಾಕಾಗಿತ್ತು.

ಅಷ್ಟರಲ್ಲಿ ಹೊಸ ನಿಯಮ ಬಂತು. ಮಕ್ಕಳ ಒಡವೆಯ ಬಣ್ಣದಲ್ಲಿ ಸೀಸ ಇರಕೂಡದು. ಪರೀಕ್ಷೆಯಲ್ಲಿ ಪಾಸಾಗದವರು ಮಾರಕೂಡದು. ಶುಕ್ರವಾರ ಕುಶಲಕರ್ಮಿಗಳ ಸಂಘದ ಸಭಾಂಗಣದಲ್ಲಿ ತಪಾಸಣೆ. ಹೆಸರು ಬರೆದ ಕವರಿನಲ್ಲಿ ಒಂದೊಂದು ಸರ ತರಬೇಕಿತ್ತು. ಮಧ್ಯಾಹ್ನವಾದರೂ ಇವರಿಬ್ಬರ ಸರದಿ ಬರಲಿಲ್ಲ.

“ನಮಾಜಿಗೆ ಹೋಗ್ಬತ್ತೀನಿ ಅಣ್ಣಾ, ನನ್ ಕವರ್ ಒಸಿ ನೋಡ್ಕೋ” ಎಂದು ಗೌಸ್ ಎದ್ದು ಹೋದ.

ಮುನಿರಾಮಯ್ಯ ನೋಡಿಕೊಂಡ, ಚೆನ್ನಾಗಿಯೇ ನೋಡಿಕೊಂಡ. ಇಷ್ಟು ಹೊಳೆಯುವುದು ಪಾಸಾಗದೆ ತನ್ನ ಸಪ್ಪೆ ಸರ ಪಾಸಾದೀತೇ? ಕಳ್ಳನಿಗೊಂದು ಪಿಳ್ಳೆ ನೆವ. ತನ್ನ ಸರವನ್ನು ಗೌಸನ ಕವರಿಗೆ ಇಳಿಸಿ, ಗೌಸನದನ್ನು ತನ್ನದಕ್ಕೆ ತುರುಕಿದ.

“ಏನ್ ಮುನಿರಾಮಯ್ಯ, ಎಲ್ಡೆಲ್ಡು ಸರ?” ತನ್ನ ಸರದಿಗೆ ಕಾಯುತ್ತ ಪಕ್ಕದಲ್ಲಿ ಕೂತಿದ್ದ ದೊಡ್ಡಲಕ್ಷ್ಮಮ್ಮ ಕತ್ತು ಚಾಚಿದಳು.

“ಧೂಳು ಹೊಡೀತಿವ್ನಿ ಕಣಕ್ಕ!”

ಗೌಸ್ ಬರುವ ಹೊತ್ತಿಗೆ ಇಬ್ಬರ ಹೆಸರೂ ಕೂಗಿದರು. ಅಧಿಕಾರಿ ಹೆಂಗಸು ಮೊದಲು ಗೌಸನ ಕವರಿನಲ್ಲಿದ್ದ ಸರಕ್ಕೆ ಯಂತ್ರ ಹಿಡಿದರು. ಅದು ಸದ್ದೇ ಮಾಡಲಿಲ್ಲ. “ಪಾಸ್.” ಆಮೇಲೆ ಮುನಿರಾಮಯ್ಯನ ಕವರಿನದು. ಯಂತ್ರ ಸಂತೆಗೆ ಬಂದ ಹಂದಿಮರಿಯ ಹಾಗೆ ಕಿರುಚಿಕೊಂಡಿತು.

“ಸೀಸ! ಇದನ್ನ ಮಗು ಬಾಯಿಗೆ ಹಾಕ್ಕೊಂಡ್ರೆ ಗತಿಯೇನ್ರೀ?”

“ಅಮ್ಮಾವ್ರೇ, ಅದು ನಂದಲ್ಲ!”

“ಕವರ್ ಮೇಲೆ ನಿಮ್ಮ ಹೆಸರೇ ಇದೆ. ಮತ್ತೆ ಯಾರದು, ನಿಮ್ಮ ಕೈಗೆ ಹೇಗೆ ಬಂತು?”

ಮುನಿರಾಮಯ್ಯ ಕವರ್ ಎತ್ತಿಕೊಂಡು ಬಾಗಿಲ ಕಡೆ ನಡೆದ. ದೊಡ್ಡಲಕ್ಷ್ಮಮ್ಮ ಮಾತ್ರ ಅವನನ್ನೇ ನೋಡುತ್ತಿದ್ದಳು.

ಹೊರಗೆ ಗೌಸ್ ಅವನ ಹೆಗಲ ಮೇಲೆ ಕೈ ಹಾಕಿದ. “ನಂದು ಅಂಗಡಿ ಡಬ್ಬಿ ಪೇಂಟು ಅಣ್ಣಾ. ಅರಿಶಿನದ ಅರಗು ನನ್ ಕೈಗೆ ಒಗ್ಗಲೇ ಇಲ್ಲ. ನಿನ್ ಸರ ನೋಡಿ ದಿನಾ ಹೊಟ್ಟೆ ಉರ್ಕೊತಿದ್ದೆ. ಇವತ್ತು ಫೇಲು ಅಂತಾನೇ ಬಂದಿದ್ದೆ.” ಪಾಸಾದ ಸರವನ್ನು ಬೆರಳಿಗೆ ಸುತ್ತಿಕೊಂಡು ನಕ್ಕ. “ನಿನ್ ಕೈಕೆಲ್ಸ ನಂಗೆ ಗೊತ್ತಾಗಲ್ವಾ? ಹೋಗ್ಲಿ ಬುಡು. ನಾಳೆಯಿಂದ ನಮ್ ಶೆಡ್ಡಿಗೆ ಬಾ. ಇಂಥದ್ದೇ ಸರ ಮಾಡ್ಕೊಡು. ಸರಕ್ಕೆ ಕಟ್ಟೋ ಚೀಟಿ ಮೇಲೆ ನನ್ ಹೆಸರಿರ್ತದೆ ಅಷ್ಟೇ.”

ಮುನಿರಾಮಯ್ಯ ಮನೆಗೆ ಬಂದಾಗ ಅಂಕಮ್ಮ ಬಾಗಿಲಲ್ಲೇ ನಿಂತಿದ್ದಳು. “ನಮ್ ಸರ ಪಾಸಾಯ್ತಾ?”

“ಸರ ಪಾಸಾಯ್ತು ಕಣೆ,” ಎಂದ ಮುನಿರಾಮಯ್ಯ, ಚಪ್ಪಲಿ ಬಿಡುತ್ತಾ. “ನಾನು ಫೇಲು.”