ಬೀದಿ ತುಂಬ ರಾಣಿಯರು

ನನ್ನ ಹೆಂಡತಿಯನ್ನು ಲಕ್ಷ ಜನರ ನಡುವೆಯೂ ಗುರುತಿಸಬಲ್ಲೆ! ಬೆನ್ನು ಕಂಡರೆ ಸಾಕು, ಕೆಮ್ಮು ಕೇಳಿದರೆ ಸಾಕು. ಅಷ್ಟೇಕೆ, ಆಕೆಗೆ ಸಿಟ್ಟು ಬಂದಿದ್ದರೆ ಬಾಗಿಲು ಹಾಕುವ ಸದ್ದಿನಲ್ಲೇ ಹೇಳಿಬಿಡುತ್ತೇನೆ. ಶಿಯಾನ್ ನಗರದ ದೊಡ್ಡ ಗೋಪುರದ ಬೀದಿಯಲ್ಲಿ ನಿಂತು, ಎದೆ ತಟ್ಟಿಕೊಂಡು ಹೀಗೆ ಘೋಷಿಸಿದ ಮಹಾಶಯ ನಾನೇ, ಪಾಂಗ್ ದೆಲಿನ್.

ಇದೇ ಊರಲ್ಲಿ ಇಷ್ಟು ವರ್ಷ ಸಂಸಾರ ಮಾಡಿದರೂ ನಾವು ಊರು ನೋಡಿದವರಲ್ಲ. ಕೊನೆಗೆ ನನ್ನಾಕೆ ರುಯಿಫೆನ್ ನನ್ನಿಂದ ರಜೆ ಹಾಕಿಸಿ ಹೊರಡಿಸಿದಳು. ಗೋಪುರದ ಬೀದಿಗೆ ಬರುವ ಹೆಂಗಸರು ಈಗ ಗೋಪುರವನ್ನೆಲ್ಲಿ ನೋಡುತ್ತಾರೆ? ಬಾಡಿಗೆ ಬಟ್ಟೆಯಂಗಡಿಗೆ ನುಗ್ಗುತ್ತಾರೆ, ತಾಂಗ್ ದೊರೆಗಳ ಕಾಲದ ರಾಣಿಯರಾಗಿ ಹೊರಬರುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಗಂಡಂದಿರು ಹೊರಗೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಬ್ಯಾಗು ಕಾಯುತ್ತಾರೆ.

"ಅಲಂಕಾರ ಆದ್ಮೇಲೆ ನಿಂಗೆ ನನ್ನ ಗುರುತೇ ಸಿಗಲ್ಲ, ಪಾಂಗ್," ಎಂದಳು ರುಯಿಫೆನ್.

"ನನಗಾ? ಬಿಡೇ!"

"ಹಾಗಾದ್ರೆ ಪಂದ್ಯ! ಸಂಜೆವರೆಗೆ ಒಂದ್ಸಲಾನೂ ತಪ್ಪದೆ ಗುರುತು ಹಿಡಿದ್ರೆ ಈ ಹೊಸ ವರ್ಷದ ಹಬ್ಬ ನಿಮ್ಮಮ್ಮನ ಮನೇಲಿ. ತಪ್ಪಿದ್ರೆ ಲಾನ್‌ಝೌನಲ್ಲಿ, ನಮ್ಮಮ್ಮನ ಮನೇಲಿ."

ಲಾನ್‌ಝೌ! ಅಲ್ಲಿ ನನಗೆ ಮೂವರು ಭಾವಮೈದುನರು, ಒಬ್ಬೊಬ್ಬನೂ ಬಾಗಿಲಿನಷ್ಟು ಅಗಲ. ಹಬ್ಬದೂಟದಲ್ಲಿ "ಭಾವ, ಇನ್ನೊಂದೇ ಗುಟುಕು" ಎಂದು ಕುಡಿಸಿ, ಕುರ್ಚಿ ಹತ್ತಿಸಿ ಹಾಡಿಸುತ್ತಾರೆ. ಹೋದ ಸಲ ಹಾಡಿದ್ದನ್ನು ಅತ್ತೆ ಫೋನಿನಲ್ಲಿ ಹಿಡಿದು ನೆಂಟರಿಗೆಲ್ಲ ಹಂಚಿದ್ದಾರೆ. ಅಳಿದುಳಿದ ನನ್ನ ಮಾನ ಈಗ ಪಂದ್ಯಕ್ಕೆ ಬಿದ್ದಿತ್ತು.

ಅಂಗಡಿಯಿಂದ ಆಕೆ ಹೊರಬಂದಳು. ಕೆಂಪು ಲಂಗ, ಹಳದಿ ಶಾಲು, ತಲೆಯಲ್ಲಿ ಎಲೆಕೋಸಿನಷ್ಟು ದೊಡ್ಡ ಹೂವು, ಹಣೆಯಲ್ಲಿ ಚಿತ್ತಾರ. "ಈ ಫೋನು ಹಿಡ್ಕೋ, ಲಂಗಕ್ಕೆ ಜೇಬಿಲ್ಲ," ಎಂದದ್ದರಿಂದ ತಕ್ಷಣ ಗುರುತಿಸಿದೆ. ಗೆದ್ದೆನಲ್ಲ ಎಂದು ಬೀಗಿದೆ!

ಆಮೇಲೆ ಮಹಾರಾಣಿಯವರು ಶೌಚಾಲಯಕ್ಕೆ ದಯಮಾಡಿಸಿದರು. ನಾನು ಪಕ್ಕದ ಗಾಡಿಯಲ್ಲಿ ಕಡ್ಡಿಗೆ ಚುಚ್ಚಿದ ಗುಲಾಬಿ ಕಡುಬು ಕೊಂಡು ಕಾದೆ. ಕೆಂಪು ಲಂಗ, ಹಳದಿ ಶಾಲು, ಎಲೆಕೋಸು ಹೂವು ಹೊರಬಂತು. ಧಾವಿಸಿ, ನೆಲ ಗುಡಿಸುತ್ತಿದ್ದ ಲಂಗದ ಅಂಚು ಎತ್ತಿ ಹಿಡಿದೆ.

"ಬಾಯಿ ತೆಗಿ, ತುಟಿ ಬಣ್ಣ ಕೆಡದ ಹಾಗೆ ನಾನೇ ತಿನ್ನಿಸ್ತೀನಿ," ಎಂದೆ, ಪ್ರೀತಿ ಉಕ್ಕಿ.

ಬಾಯಿ ತೆರೆಯಿತು. ಅರ್ಧ ಕಡುಬು ಒಳಗೆ ಹೋಯಿತು. ಹಾಗೇ ಲಂಗದ ಅಂಚು ಹಿಡಿದು ಸೇತುವೆಯವರೆಗೂ ನಡೆದೆ.

"ಪರವಾಗಿಲ್ವೇ! ಫೋಟೊ ಸ್ಟುಡಿಯೋದವರು ಕಡುಬೂ ಕೊಡ್ತಾರೆ ಅಂತ ಗೊತ್ತೇ ಇರ್ಲಿಲ್ಲ," ಎಂದಿತು ಆ ಬಾಯಿ. "ಅಂದ್ಹಾಗೆ, ನಿನ್ನ ಕ್ಯಾಮೆರಾ ಎಲ್ಲಯ್ಯಾ?"

ಅದು ನನ್ನಾಕೆಯ ದನಿಯಲ್ಲ! ಲಂಗ ಬಿಟ್ಟು ವಾಪಸು ಓಡಿದೆ. ಶೌಚಾಲಯದ ಮುಂದೆ ಕೆಂಪು ಲಂಗಗಳ ಜಾತ್ರೆ! ಈ ವರ್ಷ ಅಂಗಡಿಯವರೆಲ್ಲ ಒಂದೇ ಥಾನಿನಿಂದ ಲಂಗ ಹೊಲಿಸಿದ್ದರು, ಒಂದೇ ಡಬ್ಬಿಯಿಂದ ಮುಖ ಬಳಿದಿದ್ದರು. ಫೋನ್ ಮಾಡಿದೆ. ನನ್ನ ಬ್ಯಾಗೇ ಹಾಡಿತು.

ಕಳೆದುಹೋದವರ ಹೆಸರನ್ನು ಮೈಕಿನಲ್ಲಿ ಕೂಗಿಸುವ ಕೌಂಟರಿಗೆ ಹೋದೆ. ಕೌಂಟರಿನ ಹುಡುಗಿ ಕೇಳಿದಳು, "ಏನು ಉಟ್ಟಿದ್ರು ಅಣ್ಣ?"

"ಕೆಂಪು ಲಂಗ, ಹಳದಿ ಶಾಲು, ತಲೇಲಿ ದೊಡ್ಡ ಹೂವು."

ಆಕೆ ಕಿಟಕಿಯಾಚೆ ಕೈ ತೋರಿಸಿದಳು. "ಅಷ್ಟೂ ಜನ ಅಲ್ಲೇ ಇದಾರೆ, ನಿಮ್ಮೋರನ್ನ ಆರಿಸ್ಕೊಳ್ಳಿ! ಹೋಗ್ಲಿ, ಮುಖದಲ್ಲಿ ಏನಾದ್ರೂ ಗುರುತು?"

"ಕೆನ್ನೇಲಿ ಮಚ್ಚೆ ಇದೆ!"

"ಎಡಕ್ಕೋ, ಬಲಕ್ಕೋ?"

ಎದುರು ಕೂತು ಉಣ್ಣುತ್ತೇನೆ, ಅಂದರೆ ನನ್ನ ಎಡ ಅವಳ ಬಲ. ಆದರೆ ಟಿವಿ ನೋಡುವಾಗ ಪಕ್ಕದಲ್ಲಿರುತ್ತಾಳೆ... ನನ್ನ ಎರಡೂ ಕೆನ್ನೆ ಮುಟ್ಟಿ ನೋಡಿಕೊಂಡೆ. ನೆನಪಾಗಲಿಲ್ಲ! ನಿಜ ಹೇಳುತ್ತೇನೆ, ಆಗ ಲಾನ್‌ಝೌ ಮರೆತೇಹೋಯಿತು. ಹೆಂಡತಿಯ ಮುಖ ಗೊತ್ತಿಲ್ಲದ ಗಂಡನಾದೆನಲ್ಲ ಎಂದು ಅಳು ಬಂತು.

ಅಷ್ಟರಲ್ಲಿ ಬೀದಿಯ ಆಚೆ ತುದಿಯ ಕೌಂಟರಿನ ಮೈಕು ಗುಡುಗಿತು:

"ಕಳೆದುಹೋಗಿದ್ದಾರೆ! ಪಾಂಗ್ ದೆಲಿನ್ ಎಂಬ ಗಂಡಸು! ಬಲಗಿವಿ ಎಡಗಿವಿಗಿಂತ ದೊಡ್ಡದು. ಬೋಳು ಮುಚ್ಚಲು ಕೂದಲನ್ನು ಎಡದಿಂದ ಬಲಕ್ಕೆ ಬಾಚಿದ್ದಾರೆ. ಯೋಚನೆ ಮಾಡುವಾಗ ಬಾಯಿ ತೆರೆದಿರುತ್ತದೆ. ಕೈಯಲ್ಲಿ ತಿಂಡಿ ಇದ್ದೇ ಇರುತ್ತದೆ. ಕಂಡವರು ಹಿಡಿದಿಡಿ!"

ತಟ್ಟನೆ ಬಾಯಿ ಮುಚ್ಚಿಕೊಂಡೆ. ಕೈಯಲ್ಲಿ ಅರ್ಧ ಕಡುಬು ಇತ್ತು.

"ಇವನೇ!" ಎಂದಳು ಕೌಂಟರಿನ ಹುಡುಗಿ.

ಚೌಕದಲ್ಲಿ ಹಾಡು ಹಾಕಿಕೊಂಡು ವ್ಯಾಯಾಮಕ್ಕೆಂದು ಕುಣಿಯುತ್ತಿದ್ದ ನಡುವಯಸ್ಸಿನ ಹೆಂಗಸರು ಹಾಡು ನಿಲ್ಲಿಸಿ ಓಡಿಬಂದರು. "ಕಿವಿ ನೋಡ್ರೇ, ಕಿವಿ!" "ಹೌದು ಕಣೇ, ಬಲಗಡೇದೇ ದೊಡ್ಡದು!" ಒಬ್ಬಾಕೆ ಬಟ್ಟೆ ಜಗ್ಗಿದಳು, ಇನ್ನೊಬ್ಬಾಕೆ ಬ್ಯಾಗು ಹಿಡಿದಳು. ರಾಣಿಯರ ದಂಡು ಸುತ್ತುವರಿದು ಫೋಟೊ ತೆಗೆಯತೊಡಗಿತು. ಅವರನ್ನು ಸರಿಸಿಕೊಂಡು ಓಡಿಬಂದ ಇನ್ನೊಬ್ಬ ರಾಣಿ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದು, ಮಾತಿಲ್ಲ ಕತೆಯಿಲ್ಲ, ದರದರ ಎಳೆದುಕೊಂಡು ಹೊರಟಳು.

"ತಾಯೀ, ನಿಮ್ಮ ದಮ್ಮಯ್ಯ, ಕೈ ಬಿಡಿ!" ಎಂದು ಗೋಗರೆದೆ. "ನೀವು ಹೀಗೆ ಹಿಡ್ಕೊಂಡಿರೋದನ್ನ ನನ್ನ ಹೆಂಡ್ತಿ ನೋಡಿದ್ರೆ ಮುಗೀತು! ಲಾನ್‌ಝೌಗೆ ಎಳ್ಕೊಂಡು ಹೋಗ್ತಾಳೆ!"

ರಾಣಿ ನಿಂತು, ತಿರುಗಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮತ್ತೆ ಈಗ ಎಲ್ಲಿಗೆ ಎಳ್ಕೊಂಡು ಹೋಗ್ತಿದೀನಿ ಅನ್ಕೊಂಡೆ?"